ವಿನ್‌ಎಸ್‌ಸಿಪಿ: ಆರು ತಿಂಗ್ಳು ಬಳಸಿದ್ಮೇಲೆ
ಮಂಡ್ಯ ಆಫೀಸ್ ಸರ್ವರಿಂದ ಮೈಸೂರು ಮನೆಗೆ ಫೈಲ್ ತರೋಕೆ ಈ ಸಾಫ್ಟ್‌ವೇರನ್ನೇ ಬಳಸ್ತಿದೀನಿ, ದುಡ್ಡಿಲ್ಲ ಕಾಸಿಲ್ಲ, ಸ್ಕ್ರೀನಲ್ಲಿ ಎಡಕ್ಕೆ ನಮ್ ಕಂಪ್ಯೂಟರ್ ಫೈಲು ಬಲಕ್ಕೆ ಸರ್ವರ್ದು, ಎಳೆದು ಬಿಟ್ರೆ ಆಯ್ತು. ಅರ್ಧಕ್ಕೆ ಕರೆಂಟ್ ಹೋದ್ರೂ ಎಸ್‌ಎಫ್‌ಟಿಪಿ ಅನ್ನೋ ಫೈಲ್ ಕಳ್ಸೋ ವಿಧಾನದಲ್ಲಿ ನಿಂತಲ್ಲಿಂದ್ಲೇ ಮುಂದುವರ್ಸ್ಬೋದು, ಎಸ್‌ಸಿಪಿ ಅನ್ನೋ ಇನ್ನೊಂದು ವಿಧಾನ ಆದ್ರೆ ಮೊದ್ಲಿಂದ ಶುರು.

ಒಂದಿನ ಮಾತ್ರ ತಲೆ ಕೆಟ್ಟೋಯ್ತು ಗುರು. ಪಾಸ್‌ವರ್ಡ್ ಸರಿಯಿದೆ, ಲಾಗಿನ್ ಆದ ತಕ್ಷಣ ಪ್ಯಾಕೆಟ್ (ಒಂದ್ಸಲಕ್ಕೆ ಬರೋ ಡೇಟಾ ಕಟ್ಟು) ತುಂಬಾ ದೊಡ್ಡದು ಅಂತ ಎರರ್. ಫೈರ್‌ವಾಲ್ ನೋಡ್ದೆ, ಕನೆಕ್ಷನ್ ಹೋಗೋ 22ನೇ ಪೋರ್ಟ್ ನೋಡ್ದೆ, ರಾತ್ರಿ ಹನ್ನೊಂದಾಯ್ತು, ಅನ್ನ ಸಾರು ತಣ್ಣಗಾಯ್ತು. ನೋಡಿದ್ರೆ ಲಾಗಿನ್ ಆದಾಗ ತಾನಾಗೇ ಓಡೋ ಸರ್ವರಿನ ಬ್ಯಾಶ್‌ಆರ್‌ಸಿ ಫೈಲಲ್ಲಿ ಶೋಕಿಗೆ ನಾನೇ ಹಾಕಿದ್ದ 'ನಮಸ್ಕಾರ ಸಾರ್' ಅಂತ ಪ್ರಿಂಟ್ ಮಾಡೋ ಎಕೋ ಲೈನು! ಆ ಅಕ್ಷರಗಳ್ನೇ ವಿನ್‌ಎಸ್‌ಸಿಪಿ ಪ್ಯಾಕೆಟ್ ಸೈಜ್ ಅಂತ ಓದ್ಕೊಂಡಿದೆ ಪಾಪ. ಲೈನ್ ಅಳಿಸ್ದೆ, ಓಕೆ ಆಯ್ತು.

ವಿಂಡೋಸ್‌ಗೆ ಮಾತ್ರ ಬರುತ್ತೆ, ಅದೊಂದಕ್ಕೆ ಅರ್ಧ ಸ್ಟಾರ್ ಕಟ್.