ಹಲಸಿನ ಚೌಕಟ್ಟಿಗೆ 304 ಸ್ಟೀಲ್ ಜಾಲರಿ

ಮಲೆನಾಡಿನ ಜಗಲಿಗೆ ಸೊಳ್ಳೆ ಜಾಲರಿ ಹೊಡೆಯುವುದಾದರೆ ಸುಲಭವಾಗಿ ತುಕ್ಕು ಹಿಡಿಯದ 304 ದರ್ಜೆಯ ಸ್ಟೀಲಿನದನ್ನೇ ತರಬೇಕು. ಫೈಬರ್ ಅಗ್ಗ ನಿಜ, ಆದರೆ ಇಲಿ ಒಂದೇ ರಾತ್ರಿಯಲ್ಲಿ ಕಚ್ಚಿ ತೂತು ಮಾಡಿಬಿಡುತ್ತದೆ. ಸ್ಟೀಲಿನಲ್ಲಿ ಒಮ್ಮೆ ಬಿದ್ದ ಮಡಿಕೆ ಮಾತ್ರ ಹೋಗುವುದಿಲ್ಲ, ಸುರುಳಿಯಾಗಿಯೇ ತನ್ನಿ.

ಜಾಲರಿ ಸೋಲುವುದು ಹೆಚ್ಚಾಗಿ ಮರದಿಂದ. ತೋಟದ ಹಲಸನ್ನು ಕೊಯ್ಸಿ ಹಸಿಯಾಗಿಯೇ ಚೌಕಟ್ಟು ಕಟ್ಟಿದರೆ ಮರ ಕುಗ್ಗಿ, ತಿರುಚಿ, ಮೂಲೆಯಲ್ಲಿ ಸೊಳ್ಳೆ ನುಗ್ಗುವಷ್ಟು ಸಂದು ಬಿಡುತ್ತದೆ. 2 ಇಂಚು ದಪ್ಪದ ತುಂಡುಗಳನ್ನು ನಡುನಡುವೆ ಪಟ್ಟಿ ಕೊಟ್ಟು ನೆರಳಲ್ಲಿ ಪೇರಿಸಿ, ಎರಡು ಬೇಸಿಗೆ ಒಣಗಿಸಬೇಕು. ಹೊರಗಿನ ಬಿಳಿ ಭಾಗಕ್ಕೆ ಕುಟ್ಟೆ ಹತ್ತುತ್ತದೆ. ಒಳಗಿನ ಹಳದಿ ಕೆಚ್ಚನ್ನಷ್ಟೇ ಬಳಸಿ. ಜಾಲರಿ ಹೊಡೆಯುವ ಪಿನ್ನೂ ಸ್ಟೀಲಿನದೇ ಇರಲಿ. ಕಬ್ಬಿಣದ್ದಾದರೆ ಮೊದಲ ಮಳೆಗಾಲಕ್ಕೇ ಮರದ ಮೇಲೆ ತುಕ್ಕಿನ ಗೆರೆ ಇಳಿಯುತ್ತದೆ. ಉಪ್ಪುಗಾಳಿಯ ಕರಾವಳಿಗೆ ಉಪ್ಪನ್ನು ಇನ್ನೂ ಚೆನ್ನಾಗಿ ತಡೆಯುವ 316 ದರ್ಜೆಯ ಸ್ಟೀಲೇ ವಾಸಿ.