ಆಗದೇ ಇರೋ ಆಪರೇಷನ್ ನನ್ನ ಫೈಲಲ್ಲಿ ಏಳು ವರ್ಷ ಇತ್ತು, ದಯವಿಟ್ಟು ನಿಮ್ಮ ಕೋಡ್ ನೋಡ್ಕೊಳ್ಳಿ

ಇದನ್ನ ಬರೆಯೋಕೆ ತುಂಬಾ ದಿನದಿಂದ ಹಿಂದೆಮುಂದೆ ನೋಡ್ತಿದ್ದೆ. ಮೊನ್ನೆ ನನಗಿರೋ ತೊಂದ್ರೆನೇ ಇರೋ ಒಂದು ಹುಡುಗಿಯ ಅಮ್ಮ ಮಗಳ ರಿಪೋರ್ಟ್ ತೋರಿಸಿದ್ರು, ಅದರಲ್ಲೂ ಅದೇ ತಪ್ಪಿತ್ತು, ಇನ್ನು ಸುಮ್ಮನಿರಬಾರದು ಅನ್ನಿಸ್ತು.

ನನಗೆ ಹುಟ್ಟಿನಿಂದಲೇ ಗರ್ಭಕೋಶ ಇಲ್ಲ. ಎಂಆರ್‌ಕೆಎಚ್ ಅಂತಾರೆ, ಸುಮಾರು 5000 ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಹೀಗಿರುತ್ತೆ. ಅಂಡಾಶಯ ಸರಿಯಾಗೇ ಇರುತ್ತೆ, ಕ್ರೋಮೋಸೋಮ್ 46 ಎಕ್ಸ್‌ಎಕ್ಸ್, ಮೈ ಬೆಳವಣಿಗೆ ಎಲ್ಲಾ ಬೇರೆಯವರ ಹಾಗೇ, ಹಾಗಾಗಿ ವಯಸ್ಸಾದ್ರೂ ಮುಟ್ಟಾಗಲಿಲ್ಲವಲ್ಲ ಅಂತ ಡಾಕ್ಟ್ರ ಹತ್ರ ಹೋಗೋವರೆಗೂ ಯಾರಿಗೂ ಗೊತ್ತಾಗಲ್ಲ. ನಾನು ಹೋದಾಗ 17 ವರ್ಷ.

ಆಸ್ಪತ್ರೇಲಿ ಪ್ರತಿ ತೊಂದ್ರೆಗೂ ಐಸಿಡಿ 10 ಅನ್ನೋ ಅಂತರರಾಷ್ಟ್ರೀಯ ಪಟ್ಟಿಯಿಂದ ಒಂದು ಕೋಡ್ ಹಾಕ್ತಾರೆ. ಮೊದಲನೇ ಸಲ ಚೀಟೀಲಿ ಎನ್ 91.0 ಅಂತ ಹಾಕಿದ್ರು, ಅಂದ್ರೆ ಮೊದಲಿಂದಲೂ ಮುಟ್ಟೇ ಆಗಿಲ್ಲ ಅಂತ, ಕಾರಣ ಗೊತ್ತಾಗೋವರೆಗೆ ಅದು ಸರಿ. ಎಂಆರ್‌ಐ ಆದ್ಮೇಲೆ ಕಾರಣ ಗೊತ್ತಾಯ್ತಲ್ಲ, ಆಗ ಕ್ಯೂ 51.0 ಬರಬೇಕಿತ್ತು, ಅಂದ್ರೆ ಗರ್ಭಕೋಶ ಹುಟ್ಟಿನಿಂದ ಬೆಳೆದೇ ಇಲ್ಲ ಅಂತ, ಜೊತೆಗೆ ಯೋನಿಮಾರ್ಗ ಇಲ್ಲದಿರೋದಕ್ಕೆ ಕ್ಯೂ 52.0. ಬಂದಿದ್ದು ಝಡ್ 90.7. ಅದರ ಅರ್ಥ ಜನನಾಂಗದ ಭಾಗ ಆಮೇಲೆ ಹೋಗಿದೆ, ಅಂದ್ರೆ ಆಪರೇಷನ್ ಮಾಡಿ ತೆಗೆದಿದಾರೆ ಅಂತ! ಆವತ್ತು ನಮಗೇನು ಗೊತ್ತು, ಅಮ್ಮ ಅಳ್ತಾ ಕೂತಿದ್ರು, ನಾನು ಕಾಗದ ಮಡಚಿ ಬ್ಯಾಗಿಗೆ ಹಾಕ್ಕೊಂಡೆ.

ಅಲ್ಲಿಂದ ಯಾವ ಡಾಕ್ಟ್ರ ಹತ್ರ ಹೋದ್ರೂ ಮೊದಲ ಪ್ರಶ್ನೆ, ಯಾವಾಗ ತೆಗೆಸಿದ್ರಿ, ಯಾಕೆ, ಕ್ಯಾನ್ಸರ್ ಇತ್ತಾ ಅಂತ. ತೆಗೆಸಿಲ್ಲ ಸರ್, ಹುಟ್ಟಿನಿಂದಲೇ ಇಲ್ಲ ಅಂದ್ರೆ ಒಂದು ಸಲ ನನ್ನ ಮುಖ ನೋಡೋರು, ಒಂದು ಸಲ ಸ್ಕ್ರೀನ್ ನೋಡೋರು, ಸ್ಕ್ರೀನನ್ನೇ ನಂಬೋರು. ಝಡ್ 90.7 ಅಂದ್ರೆ ಬರೀ ಗರ್ಭಕೋಶ ಅಂತಲೂ ಅಲ್ಲ, ಅಂಡಾಶಯ ತೆಗೆದಿದ್ರೂ ಅದೇ ಕೋಡು, ಹಾಗಾಗಿ ಒಬ್ಬರು ಅಂಡಾಶಯನೂ ಹೋಗಿದೆ ಅಂದ್ಕೊಂಡು ನನಗೆ ಬೇಡದೇ ಇರೋ ಹಾರ್ಮೋನ್ ಮಾತ್ರೆ ಬರೆದೇಬಿಟ್ಟಿದ್ರು. ಇನ್ಶೂರೆನ್ಸಿನವರು ಆಪರೇಷನ್ ವಿಷಯ ಮುಚ್ಚಿಟ್ಟಿದೀರ ಅಂತ ಕ್ಲೇಮ್ ತಳ್ಳಿಹಾಕಿದ್ರು. ಆಗದೇ ಇರೋ ಆಪರೇಷನ್ನಿಗೆ ಎಲ್ಲಿಂದ ದಾಖಲೆ ತರೋದು ಹೇಳಿ.

ಇದೆಲ್ಲ ಸಹಿಸಬಹುದಿತ್ತು. ಸಹಿಸೋಕಾಗದೇ ಇದ್ದಿದ್ದು ಕಿಡ್ನಿ ವಿಷಯ. 24ನೇ ವಯಸ್ಸಲ್ಲಿ ಹೊಟ್ಟೆನೋವು ಅಂತ ಸ್ಕ್ಯಾನಿಂಗಿಗೆ ಹೋಗಿದ್ದೆ. ಜೆಲ್ ಹಚ್ಚಿ ಪ್ರೋಬ್ ಆಡಿಸ್ತಾ ಇದ್ದ ಮೇಡಂ "ನಿಮ್ಮ ಆಪರೇಷನ್ ಗುರುತೇ ಇಲ್ವಲ್ಲಮ್ಮ" ಅಂದ್ರು, ನಾನು ಎಷ್ಟನೇ ಸಲವೋ ಏನೋ ಅದೇ ಕತೆ ಹೇಳಿದೆ. ಅವರ ಕೈ ಅಲ್ಲೇ ನಿಂತುಬಿಡ್ತು. ಆಮೇಲೆ ಮಾತಾಡದೇ ಪ್ರೋಬ್‌ನ ಎಡಗಡೆ ಪಕ್ಕೆಗೆ ತಗೊಂಡು ಹೋಗಿ ಒತ್ತಿ ಒತ್ತಿ ಹುಡುಕಿದ್ರು, ಮಗ್ಗುಲಾಗಿ ಮಲಗಿ ಅಂದ್ರು, ಮತ್ತೆ ಹುಡುಕಿದ್ರು. ಎಡಗಡೆ ಕಿಡ್ನಿನೇ ಇಲ್ಲ. ಭ್ರೂಣದಲ್ಲಿ ಗರ್ಭಕೋಶ ಆಗೋ ನಾಳ, ಮೂತ್ರಾಂಗದ ನಾಳ ಎರಡೂ ಅಕ್ಕಪಕ್ಕದಲ್ಲೇ ಬೆಳೆಯೋದ್ರಿಂದ ಒಂದರಲ್ಲಿ ತೊಂದ್ರೆ ಇದ್ರೆ ಇನ್ನೊಂದನ್ನ ನೋಡ್ಲೇಬೇಕಂತೆ, ಬೆನ್ನುಮೂಳೆ, ಕಿವಿ ಕೂಡ. ಕ್ಯೂ 51.0 ಅಂತ ಇದ್ದಿದ್ರೆ ಯಾರಾದ್ರೊಬ್ಬರು ನೋಡಿರೋರು. ಆಪರೇಷನ್ ಆಗಿದೆ ಅಂತ ಬರೆದಿರೋಳ ಕಿಡ್ನಿ ಯಾರು ನೋಡ್ತಾರೆ? ನಾನು ಅಷ್ಟೂ ವರ್ಷ ಬೆನ್ನುನೋವಿಗೆ ಕಿಡ್ನಿಗೆ ಹೊರೆಯಾಗಬಹುದಾದ ಐಬುಪ್ರೊಫೆನ್ ಮಾತ್ರೆ ನುಂಗ್ತಿದ್ದೆ, ಇರೋ ಒಂದೇ ಒಂದು ಕಿಡ್ನಿ ಮೇಲೆ.

ತಪ್ಪು ಎಲ್ಲಾಯ್ತು ಅಂತ ಹುಡುಕಿದಾಗ ಸಿಕ್ಕಿದ್ದು ಒಂದೇ ಪದ. ಡಾಕ್ಟ್ರು ನೋಟಲ್ಲಿ "ಯುಟೆರಸ್ ಆಬ್ಸೆಂಟ್" ಅಂತ ಮಾತ್ರ ಬರೆದಿದ್ರು, ಕಂಜೆನಿಟಲ್, ಅಂದ್ರೆ ಹುಟ್ಟಿನಿಂದ ಬಂದಿದ್ದು, ಅನ್ನೋ ಪದ ಬಿಟ್ಟುಹೋಗಿತ್ತು. ಕೋಡಿಂಗ್ ಮಾಡೋರು ರೋಗಿನ ನೋಡಲ್ಲ, ಬರೆದಿರೋದನ್ನ ನೋಡ್ತಾರೆ, ಗರ್ಭಕೋಶ ಇಲ್ಲ ಅಂದ್ರೆ ತೆಗೆದಿರ್ತಾರೆ ಅಂದ್ಕೊಂಡ್ರು. ಅವರ ಮೇಲೆ ಮೊದಲಿದ್ದಷ್ಟು ಸಿಟ್ಟು ಈಗಿಲ್ಲ, ಆದ್ರೆ ಒಂದು ಫೋನ್ ಮಾಡಿ ಕೇಳಬಹುದಿತ್ತು.

ಹಾಗಾಗಿ ನಿಮಗೋ ನಿಮ್ಮ ಮಗಳಿಗೋ ಇಂಥದ್ದು ಇದ್ರೆ ಕಾಗದ ಕೈಗೆ ಬಂದ ದಿನವೇ ಕೋಡ್ ಯಾವುದು ಅಂತ ಬಾಯಿಬಿಟ್ಟು ಕೇಳಿ. ಐಸಿಡಿ 10ರಲ್ಲಿ ಹುಟ್ಟಿನಿಂದಲೇ ಅಂಗ ಸರಿಯಾಗಿ ಬೆಳೆಯದೇ ಇರೋ ಇಂಥ ತೊಂದ್ರೆಗಳ ಕೋಡ್ ಕ್ಯೂ ಇಂದ ಶುರುವಾಗುತ್ತೆ, ಅದಿಲ್ಲ ಅಂದ್ರೆ ಯಾಕಿಲ್ಲ ಅಂತ ಕೇಳಿ. ಕೌಂಟರಲ್ಲಿ ಜಗಳ ಆಡಿ ಪ್ರಯೋಜನ ಇಲ್ಲ, ಡಾಕ್ಟ್ರ ಹತ್ರನೇ ಹೋಗಿ ಮೂಲ ನೋಟ್ ತಿದ್ದಿಸಿ, ಆಮೇಲೇ ಕೋಡ್ ಬದಲಾಗೋದು. ಇನ್ನು ಗರ್ಭಕೋಶದೊಳಗೆ ಗೋಡೆ ಇರೋರು, ಗರ್ಭಕೋಶವೇ ಎರಡು ಕೊಂಬಾಗಿರೋರು ಕೂಡ ಹುಷಾರು, ಮೊದಲನೇದು ಕ್ಯೂ 51.2, ಎರಡನೇದು ಕ್ಯೂ 51.3, ಗೋಡೆನ ಒಳಗಿಂದ ಕತ್ತರಿಸಿ ತೆಗೀಬಹುದು, ಎರಡು ಕೊಂಬಿರೋದಕ್ಕೆ ಹಾಗೆ ಮಾಡೋಕೆ ಹೋಗಬಾರದು. ಬಣ್ಣ ಹಾಕಿ ತೆಗೆಯೋ ಎಕ್ಸ್‌ರೇಲಿ ಎರಡೂ ಒಂದೇ ಥರ ಕಾಣುತ್ತೆ, ಎಂಆರ್‌ಐ ಇಲ್ಲಾ 3ಡಿ ಸ್ಕ್ಯಾನ್ ಆಗೋವರೆಗೂ ಯಾವ ಕೋಡನ್ನೂ ನಂಬಬೇಡಿ.

ಕಂಜೆನಿಟಲ್ ಅಂತ ಬರೆಸಿದ್ರೆ ಇನ್ಶೂರೆನ್ಸ್ ಸಿಗಲ್ಲ, ಇದ್ದ ಹಾಗೇ ಬಿಡು ಅಂತ ನನಗೂ ಹೇಳಿದ್ರು. ನಾನು ಬಿಡಲಿಲ್ಲ. ನನ್ನ ಫೈಲಿಗೆ ಈಗ ಕ್ಯೂ 51.0, ಕ್ಯೂ 52.0 ಜೊತೆ ಕಿಡ್ನಿದು ಕ್ಯೂ 60.0 ಕೂಡ ಸೇರಿದೆ. ಆದ್ರೂ ಹಳೇ ಆಸ್ಪತ್ರೆಯಿಂದ ಬೇರೆ ಕಡೆ ಹೋಗಿರೋ ಪ್ರತಿಗಳಲ್ಲಿ ಹಿಸ್ಟರೆಕ್ಟಮಿ, ಅಂದ್ರೆ ಗರ್ಭಕೋಶ ತೆಗೆಯೋ ಆಪರೇಷನ್, ಅಂತಲೇ ಇದೆ, ಒಂದೊಂದು ಕಡೆನೂ ಬೇರೆ ಬೇರೆ ಅರ್ಜಿ ಕೊಡ್ತಾ ಇದೀನಿ, ಇನ್ನೂ ಎರಡು ಕಡೆ ಬಾಕಿ.