ಚಂದ್ರವಳ್ಳಿ ಮೊದ್ಲು, ಆಮೇಲೆ ಮ್ಯೂಸಿಯಂ, ಕೋಟೆ ಮಾರನೇ ದಿನ

"ಅಲ್ಲೇನೈತೆ ಮೇಡಂ, ನಾಲ್ಕು ಕಲ್ಲು ಇಟ್ಟವ್ರೆ ಅಷ್ಟೆ, ಸೀದಾ ಕೋಟೆಗೆ ಬಿಡ್ತೀನಿ ನಡೀರಿ" ಅಂದ್ರು ಚಿತ್ರದುರ್ಗದ ಬಸ್‌ಸ್ಟ್ಯಾಂಡ್ ಹತ್ರ ಆಟೋದವ್ರು, ನಾನು ಮ್ಯೂಸಿಯಂ ಅಂತ ಹೆಸರೆತ್ತಿದ್ದಕ್ಕೆ. ಅವರ ತಪ್ಪೇನಲ್ಲ, ಬರೋರೆಲ್ಲ ಕೋಟೆ ಅಂತಾನೇ ಬರ್ತಾರೆ, ಎರಡು ತಾಸಲ್ಲಿ ಓಬವ್ವನ ಕಿಂಡಿ ಮುಂದೆ ಫೋಟೋ ಹೊಡ್ಕೊಂಡು ಹೈವೇ ಹತ್ತಿಬಿಡ್ತಾರೆ. ನಾವು ದಾವಣಗೆರೆಯವ್ರು, ಅರವತ್ತು ಕಿಲೋಮೀಟರ್ ದೂರ ಅಷ್ಟೆ, ನಾವೂ ಇಷ್ಟು ವರ್ಷ ಹಂಗೇ ಮಾಡಿದ್ವಿ. ಈ ದಸರಾ ರಜೆಗೆ ಮಾತ್ರ ಮೂರು ದಿನ ಇಟ್ಕೊಂಡು ಹೋದ್ವಿ, ನಾನು, ಏಳನೇ ಕ್ಲಾಸಿನ ಮಗ, ನಮ್ ಮಾವ. ಮಾವನಿಗೆ ಮಂಡಿನೋವು, ಅದಕ್ಕೇ ಇದನ್ನ ಬರೀವಾಗ ವಯಸ್ಸಾದವರಿಗೆ ಎಲ್ಲಿ ಆಗುತ್ತೆ ಎಲ್ಲಿ ಆಗಲ್ಲ ಅನ್ನೋದನ್ನೂ ಹೇಳ್ತೀನಿ.

ಮೊದಲೇ ಹೇಳಿಬಿಡ್ತೀನಿ, ಈ ಟ್ರಿಪ್ಪಲ್ಲಿ ನಂಗೆ ಗೊತ್ತಾಗಿದ್ದು ಒಂದೇ ವಿಷಯ, ಯಾವುದನ್ನ ಮೊದ್ಲು ನೋಡ್ತೀರಿ ಅನ್ನೋದ್ರ ಮೇಲೆ ಎಲ್ಲಾ ನಿಂತಿದೆ. ಹಿಂದೆ ಒಂದ್ಸಲ ಬೇರೆ ಜಿಲ್ಲೆಯ ಒಂದು ಚಿಕ್ಕ ಮ್ಯೂಸಿಯಂಗೆ ಹೋಗಿದ್ವಿ, ಗಾಜಿನ ಪೆಟ್ಟಿಗೆ ಒಳಗೆ ಮಡಕೆ ಚೂರು, ಕೆಳಗೆ "ಮಡಕೆ ಚೂರುಗಳು" ಅಂತ ಬರೆದಿತ್ತು, ಎಲ್ಲಿ ಸಿಕ್ತು, ಯಾವ ಕಾಲದ್ದು, ಒಂದೂ ಇಲ್ಲ. ಮಗ ಹತ್ತು ನಿಮಿಷಕ್ಕೆ "ಹೋಗೋಣ ಬಾ ಅಮ್ಮ" ಅಂತ ಸೆರಗು ಎಳೆಯೋಕೆ ಶುರು ಮಾಡಿದ್ದ. ಅವನದ್ದೇನೂ ತಪ್ಪಿರ್ಲಿಲ್ಲ. ಆ ಚೂರು ಬಂದ ನೆಲಾನೇ ಕಾಣದೆ ಇರೋರಿಗೆ ಅದು ಚೂರೇ. ಅದಕ್ಕೆ ಈ ಸಲ ಆ ನೆಲದಿಂದಾನೇ ಶುರು ಮಾಡೋಣ ಅಂತ ಮೊದ್ಲು ಚಂದ್ರವಳ್ಳಿಗೆ ಹೋದ್ವಿ.

ಚಂದ್ರವಳ್ಳಿ ದುರ್ಗದ ಪಕ್ಕದಲ್ಲೇ ಇದೆ, ಮೂರು ಕಡೆ ಗುಡ್ಡ, ಚಿತ್ರದುರ್ಗದ ಬೆಟ್ಟ, ಕಿರುಬನಕಲ್ಲು, ಚೋಳಗುಡ್ಡ, ನಡುವೆ ಕಣಿವೆ, ಕೆರೆ. ಬೆಳಿಗ್ಗೆ ಊರವರು ವಾಕಿಂಗ್ ಬರ್ತಾರೆ. ಎಂಟು ಗಂಟೆ ಒಳಗೆ ಹೋದ್ರೆ ಬಂಡೆ ಇನ್ನೂ ತಣ್ಣಗಿರುತ್ತೆ, ಹತ್ತಾದ್ಮೇಲೆ ಕಾವು ಏರುತ್ತೆ. ಭೈರವೇಶ್ವರ ಗುಡಿ ಹತ್ರ ಬಂಡೆ ಮೇಲೆ ಕದಂಬರ ಮಯೂರಶರ್ಮನ ಶಾಸನ ಇದೆ, ಕೆರೆ ಕಟ್ಟಿಸಿದ ವಿಷಯ, ಮೂರೇ ಸಾಲು. ಅಕ್ಷರ ಸವೆದಿದೆ, ಬರಿಗಣ್ಣಿಗೆ ಸುಲಭಕ್ಕೆ ಕಾಣಲ್ಲ, ಬೆಳಕು ಓರೆಯಾಗಿ ಬೀಳೋ ಹೊತ್ತಲ್ಲಿ ಚೂರು ಚೆನ್ನಾಗಿ ಕಾಣುತ್ತೆ. ಮಾವ ಕೈಯಾಡಿಸೋಕೆ ಹೋಗಿ ಆಮೇಲೆ ತಾವೇ ಕೈ ಹಿಂದಕ್ಕೆ ತಗೊಂಡ್ರು. ಶಾಸನ ಮುಟ್ಟಬೇಡಿ ದಯವಿಟ್ಟು, ಸುಣ್ಣ ಬಳಿದು ಫೋಟೋ ತೆಗೆಯೋದಂತೂ ಬೇಡವೇ ಬೇಡ.

ಇನ್ನು ಅಂಕಲಿ ಮಠದ ಗುಹೆ. ಒಳಗೆ ಕಗ್ಗತ್ತಲು, ಗೈಡ್ ಇಲ್ಲದೆ ಹೋಗ್ಲೇಬೇಡಿ, ಟಾರ್ಚ್ ಹಿಡ್ಕೊಂಡು ಒಬ್ರು ಕರ್ಕೊಂಡು ಹೋಗ್ತಾರೆ, ಪೂಜೆ ಕೋಣೆ ಇದು, ಮಲಗೋ ಜಾಗ ಇದು, ಸ್ನಾನದ ಜಾಗ ಇದು ಅಂತ ಒಂದೊಂದಾಗಿ ತೋರಿಸ್ತಾರೆ, ಕೆಲವು ಕಡೆ ಬಗ್ಗಿ ಹೋಗ್ಬೇಕು. ಗೈಡ್ ಮಾವನ್ನ ನೋಡಿ "ಯಜಮಾನ್ರೇ, ನೀವು ಇಲ್ಲೇ ನೆಳ್ಳಲ್ಲಿ ಕೂತ್ಕಳಿ, ಹುಡುಗನ್ನ ನಾನು ನೋಡ್ಕಂತೀನಿ" ಅಂದ್ರು, ನಂಗದು ತುಂಬಾ ಇಷ್ಟ ಆಯ್ತು. ಮಂಡಿನೋವು, ಬಿಪಿ, ಉಸಿರಿನ ತೊಂದ್ರೆ ಇರೋರು ಒಳಗೆ ಬೇಡ. ಮಕ್ಕಳಿಗೆ ಮಾತ್ರ ಇದಕ್ಕಿಂತ ಖುಷಿ ಬೇರೆ ಇಲ್ಲ.

ಆದ್ರೆ ಚಂದ್ರವಳ್ಳಿ ನಿಜವಾದ ಮಹತ್ವ ಗುಹೆಗಿಂತ ಆ ಮಣ್ಣಲ್ಲಿದೆ. 1909ರಲ್ಲಿ ಆರ್. ನರಸಿಂಹಾಚಾರ್, 1929ರಲ್ಲಿ ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್, ಮೂರು ತಲೆಮಾರಿನ ಪುರಾತತ್ವದವರು ಇಲ್ಲಿ ಅಗೆದಿದ್ದಾರೆ. ಶಾತವಾಹನರ ಸೀಸದ ನಾಣ್ಯ ಸಿಕ್ಕಿದೆ, ರೋಮಿನ ಟಿಬೇರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯ ಸಿಕ್ಕಿದೆ. ದುರ್ಗದ ಗುಡ್ಡದ ಸಂದಿಯಲ್ಲಿ ರೋಮಿನ ದುಡ್ಡು! ವೀಲರ್ 1945ರಲ್ಲಿ ಪುದುಚೇರಿ ಹತ್ರ ಅರಿಕಮೇಡುನಲ್ಲಿ ಅಗೆದಾಗ ರೋಮಿನ ಸಾಮಾನು ಜತೆಗೆ ಒಂದು ಥರ ಗೆರೆ ಕೊರೆದ ಮಡಕೆ ಸಿಕ್ಕಿತ್ತು, ರೋಮಿನ ವಸ್ತುವಿಗೆ ಕಾಲ ಗೊತ್ತಿದ್ದರಿಂದ ಆ ಮಡಕೆಗೂ ಕಾಲ ಗೊತ್ತಾಯ್ತು, ಅದೇ ಥರದ ಚೂರು ನಮ್ಮ ಚಂದ್ರವಳ್ಳಿ, ಬ್ರಹ್ಮಗಿರಿಯ (ನಾವು ಮೂರನೇ ದಿನ ಹೋದ ಜಾಗ) ಮಣ್ಣಲ್ಲೂ ಸಿಕ್ಕಿದಾಗ ಈ ಪದರ ಇಂಥಾ ಕಾಲದ್ದು, ಅದರ ಕೆಳಗಿಂದು ಅದಕ್ಕಿಂತ ಹಳೇದು ಅಂತ ಲೆಕ್ಕ ಹಾಕೋಕೆ ಆಯ್ತು. ದಕ್ಷಿಣ ಭಾರತದ ಹಳೇ ಕಾಲಕ್ಕೆ ಇಸವಿ ಕೂಡಿಸೋಕೆ ದಾರಿ ಮಾಡಿಕೊಟ್ಟಿದ್ದು ಮಡಕೆ ಚೂರು. ಇದನ್ನ ಮಗನಿಗೆ ಕೆರೆ ದಂಡೆ ಮೇಲೆ ಕೂತು, ಕಟ್ಕೊಂಡು ಬಂದಿದ್ದ ಮಂಡಕ್ಕಿ ತಿನ್ತಾ ಹೇಳಿದೆ.

ಅಲ್ಲಿಂದ ರಂಗಯ್ಯನ ಬಾಗಿಲಿಗೆ ಬಂದ್ವಿ. ಇದು ಹಳೇ ಊರಿನ ಕೋಟೆ ಬಾಗಿಲು, ಇದರ ಹತ್ರಾನೇ ಸರ್ಕಾರಿ ಮ್ಯೂಸಿಯಂ. ಚಿಕ್ಕದು, ಜೋರಾಗಿ ನಡೆದ್ರೆ ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತೆ. ನಾವು ಒಂದೂವರೆ ತಾಸು ಇದ್ವಿ. ಪಾಳೆಯಗಾರರ ಕಾಲದ ಆಯುಧ, ಶಿಲ್ಪ, ವೀರಗಲ್ಲು, ತಾಳೆಗರಿ, ಅಗೆತದಲ್ಲಿ ಸಿಕ್ಕಿದ್ದು. ಮಗ ಕತ್ತಿ ಕಡೆ ಓಡ್ತಾನೆ ಅನ್ಕೊಂಡಿದ್ದೆ, ಅವನು ಹೋಗಿ ನಿಂತಿದ್ದು ಮಡಕೆ ಚೂರಿನ ಮುಂದೆ. "ಅಮ್ಮ, ಬೆಳಿಗ್ಗೆ ನಾವು ಕೂತಿದ್ವಲ್ಲ, ಅಲ್ಲೀದಾ ಇದು?" ಅಂತ ಕೇಳ್ದ. ಹೂಂ ಅಂದೆ. ಗಾಜಿಗೆ ಮೂಗು ಅಂಟಿಸ್ಕೊಂಡು ನಿಂತ್ಬಿಟ್ಟ. ಅಷ್ಟೊತ್ತಿಗೆ ಮಾವ ವೀರಗಲ್ಲಿನ ಮುಂದೆ ನಿಂತು ಅವನ್ನ ಕರೆದು ಓದೋದು ಹೇಳಿಕೊಟ್ರು, ಕೆಳಗಿನ ಪಟ್ಟಿಯಲ್ಲಿ ಯುದ್ಧ, ಮಧ್ಯದಲ್ಲಿ ಸತ್ತ ವೀರನ್ನ ಅಪ್ಸರೆಯರು ಕರ್ಕೊಂಡು ಹೋಗೋದು, ಮೇಲಿನ ಪಟ್ಟಿಯಲ್ಲಿ ಶಿವನ ಸನ್ನಿಧಿ, ಕೆಳಗಿಂದ ಮೇಲಕ್ಕೆ ಓದ್ಕೋಬೇಕು. ನಮ್ ಕಡೆ ಎಷ್ಟೋ ಊರಲ್ಲಿ ಈ ಕಲ್ಲು ಹೊಲದ ಬದುವಲ್ಲಿ ಬಿದ್ದಿರುತ್ತೆ, ಮಾವ ಚಿಕ್ಕಂದಿನಲ್ಲಿ ಅದರ ಮೇಲೆ ಕೂತು ಬುತ್ತಿ ಉಂಡೋರಂತೆ, ಅದನ್ನ ಹೇಳ್ತಾ ಅವರ ಗಂಟಲು ಕಟ್ತು.

ದುರ್ಗದ ಚರಿತ್ರೆಗೆ ಹುಲ್ಲೂರು ಶ್ರೀನಿವಾಸ ಜೋಯಿಸರಂಥವರು ಜೀವ ಸವೆಸಿದ್ದಾರೆ, ಶಾಸನ, ಓಲೆಗರಿ ಅಂತ ಹುಡುಕಿ ಕೂಡಿಹಾಕಿದವರು. ಅವರು ಹಂಗೆ ಕಷ್ಟ ಪಟ್ಟಿದ್ದಕ್ಕೆ ನಾವಿವತ್ತು ಒಂದೂವರೆ ತಾಸು ನಿಂತು ನೋಡೋಕೆ ಆಗ್ತಿರೋದು. ಮ್ಯೂಸಿಯಂ ರಜೆ ದಿನ ಯಾವ್ದು ಅಂತ ಮೊದ್ಲೇ ವಿಚಾರಿಸ್ಕೊಂಡು ಹೋಗಿ. ವಯಸ್ಸಾದವರಿಗೆ ಏನೂ ಕಷ್ಟ ಇಲ್ಲ.

ರಾತ್ರಿ ದುರ್ಗದಲ್ಲೇ ಒಂದು ಲಾಡ್ಜು. ಫೋನಲ್ಲಿ ಒಂದು ರೇಟ್ ಹೇಳಿ ಹೋದ್ಮೇಲೆ ಹಬ್ಬದ ಸೀಸನ್ ಅಂತ ಜಾಸ್ತಿ ಕೇಳಿದ್ರು, ಬೇಜಾರಾಯ್ತು, ಮಾವನ್ನ ಕರ್ಕೊಂಡು ಇನ್ನೆಲ್ಲಿ ಹುಡುಕೋದು ಅಂತ ಕೊಟ್ವಿ. ರೇಟ್ ಮೆಸೇಜಲ್ಲಿ ಬರೆಸ್ಕೊಳ್ಳಿ.

ಮಾರನೇ ದಿನ ಬೆಳಿಗ್ಗೆ ಬೇಗ ಕೋಟೆ. ಟಿಕೆಟ್ 25 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಕೋಟೆ ಬಗ್ಗೆ ಎಲ್ಲರೂ ಬರೆದಿದ್ದಾರೆ, ಏಳು ಸುತ್ತು, ಓಬವ್ವ, ಮದಕರಿ ನಾಯಕ, 1779ರಲ್ಲಿ ಹೈದರಾಲಿ ಕೈಗೆ ಹೋಗಿದ್ದು, ಅದನ್ನ ನಾನು ಮತ್ತೆ ಹೇಳೋದಿಲ್ಲ. ಎರಡು ಜಾಗ ಮಾತ್ರ ಬಿಡಬೇಡಿ ಅಂತೀನಿ. ಒಂದು ಮದ್ದು ಬೀಸೋ ಕಲ್ಲು, ಗುಂಡಿಯೊಳಗೆ ನಾಲ್ಕು ಭಾರೀ ಬೀಸುಕಲ್ಲು, ಕೋವಿ ಫಿರಂಗಿಗೆ ಬೇಕಾದ ಮದ್ದು ಅರೆಯೋಕೆ. ಹಿಂದಿನ ದಿನ ಮ್ಯೂಸಿಯಂನಲ್ಲಿ ಆಯುಧ ನೋಡಿದ್ವಲ್ಲ, ಅದರ ಕಾರ್ಖಾನೆ ಇದು. ಕೆಳಗೇ ಇದೆ, ಮಾವನೂ ಆರಾಮಾಗಿ ನೋಡಿ ಅಲ್ಲೇ ಹತ್ರ ನೆರಳಲ್ಲಿ ಕೂತ್ರು.

ಇನ್ನೊಂದು ನೀರು. ನಾನು ಈ ಸಲ ಹೊಂಡದಿಂದ ಹೊಂಡಕ್ಕೆ ನಡೆದೆ, ಅದಕ್ಕೇ ಒಂದು ತಾಸು ಇಟ್ಕೊಳ್ಳಿ. ಮೇಲೆ ಗೋಪಾಲಸ್ವಾಮಿ ಹೊಂಡ, ಅದು ತುಂಬಿ ಹರಿದ ನೀರು ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ನಮ್ ಕಡೆ ಮಳೆ ಎಷ್ಟು ಕಮ್ಮಿ ಅಂತ ನಮಗೆ ಗೊತ್ತು, ಬೇಸಿಗೆಯಲ್ಲಿ ಕೊಡ ಹಿಡ್ಕೊಂಡು ಟ್ಯಾಂಕರ್ ಕಾದೋರು ನಾವು, ಆ ಬರಡು ಬಂಡೆ ಮೇಲೆ ಬಿದ್ದ ಒಂದೊಂದು ಹನಿಯನ್ನೂ ಹಿಂಗೆ ಕೈಯಿಂದ ಕೈಗೆ ದಾಟಿಸಿದ ಜನ ಇದ್ರಲ್ಲ ಅಂತ ನಂಗೆ ಅಲ್ಲಿ ಮೈ ಜುಂ ಅಂತು. ಓಬವ್ವ ಕೂಡ ಮನೆಯಿಂದ ಹೊರಟಿದ್ದು ನೀರು ತರೋಕೇ ಅಲ್ವಾ.

ಹಿಡಿಂಬೇಶ್ವರ ಗುಡಿಯಲ್ಲಿ ಹಿಡಿಂಬನ ಹಲ್ಲು ಅಂತ ಒಂದು ಇಟ್ಟಿದ್ದಾರೆ, ಮಗನಿಗೆ ಅದೇ ಫೇವರಿಟ್. ಕಾಲಿಗೆ ಒಳ್ಳೆ ಹಿಡಿತ ಇರೋ ಶೂ ಹಾಕ್ಕೊಳ್ಳಿ, ನೀರು ಇಟ್ಕೊಳ್ಳಿ, ಕೈಯಲ್ಲಿ ತಿಂಡಿ ಹಿಡೀಬೇಡಿ, ಕೋತಿ ಕಿತ್ಕೊಳ್ಳುತ್ತೆ.

ಮಧ್ಯಾಹ್ನ ಬಸ್ಸಲ್ಲಿ ಚಳ್ಳಕೆರೆ, ಅಲ್ಲಿ ಮಾವನ ತಂಗಿ ಮನೆ. ಊರು ಹತ್ರ ಬಂದಂಗೆ ಶೇಂಗಾ ಎಣ್ಣೆ ವಾಸನೆ ಬಂತು. ರಾತ್ರಿ ಅಣ್ಣ ತಂಗಿ ಇಬ್ರೂ ಮಾತಾಡಿದ್ದೇ ಮಾತಾಡಿದ್ದು.

ಮೂರನೇ ದಿನ ಬಾಡಿಗೆ ಕಾರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರ, ಬ್ರಹ್ಮಗಿರಿ. ಇಲ್ಲಿಗೆ ಬಸ್ ನಂಬ್ಕೊಂಡು ಹೋಗ್ಬೇಡಿ, ಊಟ ತಿಂಡಿನೂ ಕಟ್ಕೊಂಡೇ ಹೋಗಿ. ಬಯಲು ಸೀಮೆ ಇದ್ದಕ್ಕಿದ್ದಂಗೆ ಮುಗಿದು ಬಂಡೆ ಗುಡ್ಡ ಏಳುತ್ತೆ, ಬುಡದಲ್ಲಿ ಅಶೋಕನ ಶಾಸನ, ಊರವರು ಅಕ್ಷರ ಗುಂಡು ಅಂತಾರೆ. 1892ರಲ್ಲಿ ಬಿ.ಎಲ್. ರೈಸ್ ಇದನ್ನ ಗುರುತಿಸಿದ್ದು, ಇದೇ ಸುತ್ತಲ್ಲಿ ಸಿದ್ದಾಪುರದಲ್ಲೊಂದು, ಜಟಿಂಗ ರಾಮೇಶ್ವರ ಬೆಟ್ಟದಲ್ಲೊಂದು, ಒಟ್ಟು ಮೂರು. ಮೇಲೆ ರಕ್ಷಣೆಗೆ ಕಟ್ಟಡ ಕಟ್ಟಿದ್ದಾರೆ. ಅಶೋಕನ ಕಾಲದ ದಕ್ಷಿಣದ ಆಡಳಿತ ಕೇಂದ್ರ ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆಜ್ಞೆ ಇದು, ಇಸಿಲ ಅಂದ್ರೆ ಈ ಬ್ರಹ್ಮಗಿರಿ ಬುಡದ ಊರೇ.

ನಾನು ಮನೆಯಿಂದ ಕನ್ನಡ ಅನುವಾದ ಪ್ರಿಂಟ್ ಮಾಡ್ಕೊಂಡು ಹೋಗಿದ್ದೆ, ನೀವೂ ಮಾಡ್ಕೊಂಡು ಹೋಗಿ, ಇಲ್ಲಾಂದ್ರೆ ಬಂಡೆ ನೋಡಿ ವಾಪಸ್ ಬರ್ತೀರಿ ಅಷ್ಟೆ. ಮಾವ ಜೋರಾಗಿ ಓದಿದ್ರು, ತಾಯಿ ತಂದೆ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ಸತ್ಯ ನುಡೀಬೇಕು, ಶಿಷ್ಯ ಗುರುವನ್ನ ಗೌರವಿಸಬೇಕು. ಕೊನೆಯಲ್ಲಿ ಬರೆದವನ ಹೆಸರಿದೆ, ಚಪಡ. ಶಾಸನ ಪೂರ್ತಿ ಬ್ರಾಹ್ಮಿಯಲ್ಲಿ ಬರೆದು ಲಿಪಿಕಾರ ಅನ್ನೋ ಪದ ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ, ಬಲದಿಂದ ಎಡಕ್ಕೆ. ಖರೋಷ್ಠಿ ಗಾಂಧಾರದ ಕಡೆ ಲಿಪಿ, ಪೇಶಾವರ ಆ ಕಡೆ. "ಅಷ್ಟು ದೂರದಿಂದ ಬಂದಿದ್ನಾ ಅಜ್ಜ, ನಡ್ಕೊಂಡಾ?" ಅಂತ ಮಗ ಕೇಳ್ದ. ಮಾವ "ಬಂದಿರಬೇಕು ಕಣಪ್ಪ" ಅಂದ್ರು. ಎರಡು ಸಾವಿರದ ಇನ್ನೂರು ವರ್ಷದ ಮೇಲೆ ಆ ಒಂದು ಪದ ನೋಡ್ತಾ ನಿಂತಿದ್ವಿ ಮೂರೂ ಜನ, ಅಲ್ಲಿ ನಮ್ಮನ್ನ ಬಿಟ್ರೆ ಒಂದು ನರಪಿಳ್ಳೆ ಇರ್ಲಿಲ್ಲ. ಇಂಥಾ ಜಾಗಕ್ಕೆ ನಮ್ ಜಿಲ್ಲೆಗಳ ಶಾಲೆ ಮಕ್ಕಳನ್ನ ದಯವಿಟ್ಟು ಕರ್ಕೊಂಡು ಬನ್ನಿ ಮೇಷ್ಟ್ರುಗಳೇ, ಮೈಸೂರು ಟೂರ್ ಜತೆಗೆ ಇದೂ ಒಂದು ದಿನ ಇರ್ಲಿ.

ವಾಪಸ್ ಬರುವಾಗ ಮೊಳಕಾಲ್ಮೂರಲ್ಲಿ ಒಬ್ಬರ ಮನೆಯಲ್ಲಿ ಮಗ್ಗ ನೋಡಿದ್ವಿ, ಗುಂಡಿಯಲ್ಲಿ ಕಾಲಿಟ್ಟು ಕೂತು ರೇಷ್ಮೆ ಸೀರೆ ನೇಯ್ತಿದ್ರು, ಕೇಳಿದ್ದಕ್ಕೆಲ್ಲ ಕೆಲಸ ನಿಲ್ಲಿಸಿ ಉತ್ತರ ಕೊಟ್ರು. ಸೀರೆ ತಗೊಳೋ ಹಂಗಿದ್ರೆ ಅಲ್ಲೇ ತಗೊಳ್ಳಿ, ಅವರ ಕೈಗೇ ದುಡ್ಡು ಹೋಗುತ್ತೆ.

ಜಟಿಂಗ ರಾಮೇಶ್ವರ ಈ ಸಲ ಆಗ್ಲಿಲ್ಲ, ಬೆಟ್ಟ ಹತ್ತಬೇಕು, ಮಾವನಿಗೆ ಆಗಲ್ಲ. ದೀಪಾವಳಿ ಆದ್ಮೇಲೆ ನಾನೂ ಮಗನೂ ಇಬ್ರೇ ಹೋಗ್ತೀವಿ. ಮಾವ ಚಳ್ಳಕೆರೆಯಲ್ಲಿ ತಂಗಿ ಮನೆಯಲ್ಲೇ ಇರ್ತಾರಂತೆ, ವಾಪಸ್ ಬಂದ್ಮೇಲೆ ಅಲ್ಲಿ ಏನು ಬರೆದಿದೆ ಅಂತ ಓದಿ ಹೇಳ್ಬೇಕು ಅಂತ ಮೊಮ್ಮಗನಿಗೆ ಈಗ್ಲೇ ಹೇಳಿಟ್ಟಿದ್ದಾರೆ.